ಬೀದರ್‌ನಿಂದ ಬೆಂಗಳೂರಿಗೆ ಎಷ್ಟು ದೂರ?

ವಿದೇಶದಲ್ಲಿ ಯಾರಾದರೂ "ನೀವು ಎಲ್ಲಿಯವರು?" ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ, "ಬೆಂಗಳೂರು." ಬೀದರ್ ಕಡೆಯ ಹಳ್ಳಿಯಿಂದ ಹೋದವರೂ ಹಾಗೇ ಹೇಳುತ್ತಾರೆ. ಬೀದರ್‌ನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಹೈದರಾಬಾದೇ ಅವರಿಗೆ ಹತ್ತಿರ. ಆದರೂ ಅವರನ್ನು ನೋಡಿ ನಗುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

1956ಕ್ಕೆ ಮೊದಲು ಹಡಗು ಹತ್ತಿದ ಕನ್ನಡಿಗರಿಗೆ ಹೇಳಿಕೊಳ್ಳಲು ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರದವರು ಮುಂಬೈ ಆಡಳಿತದವರು. ಬೀದರ್, ಕಲಬುರಗಿ, ರಾಯಚೂರಿನವರು ಹೈದರಾಬಾದಿನವರು. ಮಂಗಳೂರಿನವರು ಮದ್ರಾಸಿನವರು. ಕೊಡಗಿನದು ಬೇರೆಯೇ ಲೆಕ್ಕ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದರು. ಹಾಗಾಗಿ ಭಟ್ಕಳದವರು ಮುಂಬೈಯವರಾದರೆ, ಪಕ್ಕದ ಬೈಂದೂರಿನವರು ಮದ್ರಾಸಿನವರು! ಅಂದಿನವರೂ ನಮ್ಮ ಹಾಗೆ ದೂರದ ದೊಡ್ಡ ಊರಿನ ಹೆಸರನ್ನೇ ಹೇಳಬೇಕಿತ್ತು. ವ್ಯತ್ಯಾಸ ಇಷ್ಟೇ, ಅವರಿಗೆ ಬೇರೆ ದಾರಿ ಇರಲಿಲ್ಲ.

ಆಲೂರು ವೆಂಕಟರಾಯರು 'ಕರ್ನಾಟಕ ಗತವೈಭವ' ಪ್ರಕಟಿಸಿದ್ದು 1917ರಲ್ಲಿ. ನಾವೆಲ್ಲ ಒಂದೇ ನಾಡಿನವರು ಎಂದು ಮೊದಲು ನಮಗೇ ಹೇಳಬೇಕಾಗಿದ್ದ ಕಾಲ ಅದು. 1956ರ ನವೆಂಬರ್ 1ರಂದು ನಾಡು ಒಂದಾಯಿತು, ಹೆಸರು ಮಾತ್ರ ಮೈಸೂರು ಎಂದೇ ಉಳಿಯಿತು. ಉತ್ತರದ ಜಿಲ್ಲೆಗಳವರು ಮತ್ತೆ ಇನ್ನೊಂದು ಊರಿನ ಹೆಸರಿನಡಿ ಬಂದರು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, 1973ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು.

ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಮಾಡಿದ್ದ ಎ.ಕೆ. ರಾಮಾನುಜನ್ ಅಮೆರಿಕಕ್ಕೆ ಹೋದದ್ದು 1959ರಲ್ಲಿ. ಅವರು ಬಿಟ್ಟುಹೋದ ರಾಜ್ಯದ ಹೆಸರು ಮೈಸೂರು. ಅದು ಕರ್ನಾಟಕವಾದ 1973ರಲ್ಲೇ ಅವರು ಇಂಗ್ಲಿಷಿಗೆ ತಂದ ವಚನಗಳ ಪುಸ್ತಕ 'ಸ್ಪೀಕಿಂಗ್ ಆಫ್ ಶಿವ' ಹೊರಬಂತು. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರನ್ನು ಹೊರನಾಡಿನವರು ಅದರಲ್ಲಿ ಓದಿದರು. ಬಾಗೇವಾಡಿಯ ಬಸವಣ್ಣ, ಮುದನೂರಿನ ದಾಸಿಮಯ್ಯ, ಉಡುತಡಿಯ ಅಕ್ಕ. ಯಾರನ್ನೂ ಪರಿಚಯಿಸಲು ಬೆಂಗಳೂರಿನ ಹೆಸರು ಬೇಕಾಗಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಸೇರಿದ ಕಲ್ಯಾಣ, ಇಂದಿನ ಬಸವಕಲ್ಯಾಣ, ಇರುವುದು ಅದೇ ಬೀದರ್ ಜಿಲ್ಲೆಯಲ್ಲಿ.

ಊರ ಹೆಸರು ಹೇಳಿದರೆ ಎದುರಿನವರಿಗೆ ತಿಳಿಯುವುದಿಲ್ಲ, ನಿಜ. ಅವಸರದಲ್ಲಿ "ಬೆಂಗಳೂರು" ಎಂದರೆ ಮಾತು ಬೇಗ ಮುಗಿಯುತ್ತದೆ. ಆದರೆ ಅಲ್ಲೇ ಬೆಳೆಯುವ ಮಕ್ಕಳು ಆ ಉತ್ತರವನ್ನೇ ಕೇಳಿಸಿಕೊಂಡು ಬೆಳೆದರೆ, ಅಜ್ಜಿಯ ಊರು ಅವರ ಬಾಯಲ್ಲಿ ಉಳಿಯುವುದು ಹೇಗೆ?

ಪತ್ರಿಕೋದ್ಯಮದ ತರಗತಿಯಲ್ಲಿ ನಾವು ಮೊದಲು ಕಲಿತ ಪಾಠಗಳಲ್ಲಿ ಇದೂ ಒಂದು: ಸುದ್ದಿ ಎಷ್ಟೇ ಚಿಕ್ಕದಿರಲಿ, ಮೊದಲು ಊರಿನ ಹೆಸರು ಬರೆಯಬೇಕು. ನಮ್ಮ ಬಗ್ಗೆ ಹೇಳುವಾಗಲೂ ಹಾಗೇ ಶುರು ಮಾಡೋಣ. ಊರು, ಆಮೇಲೆ ಜಿಲ್ಲೆ, ಆಮೇಲೆ ಕರ್ನಾಟಕ. ಬೆಂಗಳೂರಿನ ಮಾತು ಕೊನೆಗೆ ಬರಲಿ.