ಬೆಲೆಪಟ್ಟಿಯಲ್ಲಿ ಉಳಿದ ಹೆಸರುಗಳು

ಅಮೆರಿಕದ ದಕ್ಷಿಣ ಭಾಗದಲ್ಲಿರುವ ಲೂಸಿಯಾನಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ಎರಡೂ ದಡಗಳಲ್ಲಿ ಹಳೆಯ ಕಬ್ಬಿನ ತೋಟಗಳ ಬಂಗಲೆಗಳಿವೆ. ಪ್ರವಾಸಿಗರಿಗೆ ಬಹುಕಾಲ ತೋರಿಸುತ್ತ ಬಂದದ್ದು ಅವುಗಳ ಬಿಳಿ ಕಂಬಗಳು, ಓಕ್ ಮರಗಳ ಸಾಲು, ಯಜಮಾನರ ಪೀಠೋಪಕರಣಗಳನ್ನು. ಕೆಲವು ಬಂಗಲೆಗಳು ಮದುವೆ ಸಮಾರಂಭಗಳಿಗೂ ಹೆಸರಾದವು. ಈ ವೈಭವಕ್ಕೆ ದುಡಿದವರು ಯಾರು ಎಂಬ ಮಾತು ಮಾತ್ರ ಅಪರೂಪವಾಗಿತ್ತು.

ವಿಟ್ನಿ ಪ್ಲಾಂಟೇಷನ್ ಇದಕ್ಕೆ ಅಪವಾದ. ನ್ಯೂ ಆರ್ಲಿಯನ್ಸ್ ನಗರದಿಂದ ಸುಮಾರು ಒಂದು ಗಂಟೆ ಪ್ರಯಾಣದ ದೂರದಲ್ಲಿರುವ ಈ ತೋಟವನ್ನು ವಕೀಲ ಜಾನ್ ಕಮಿಂಗ್ಸ್ ಕೊಂಡುಕೊಂಡು, ಸೆನೆಗಲ್ ದೇಶದ ಇತಿಹಾಸಕಾರ ಇಬ್ರಾಹಿಮಾ ಸೆಕ್ ಅವರ ಸಂಶೋಧನೆಯ ನೆರವಿನಿಂದ 2014ರ ಡಿಸೆಂಬರ್‌ನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಇಲ್ಲಿ ಭೇಟಿಯ ಮುಖ್ಯ ವಿಷಯವೇ ಗುಲಾಮರ ಬದುಕು. ಯಜಮಾನರ ಬಂಗಲೆಗೆ ಎರಡನೆಯ ಸ್ಥಾನ.

ಜರ್ಮನಿಯಿಂದ ವಲಸೆ ಬಂದ ಆಂಬ್ರೋಸ್ ಹೈಡೆಲ್ 1752ರಲ್ಲಿ ಈ ಜಮೀನು ಕೊಂಡ. ಮೊದಲು ಬೆಳೆದದ್ದು ನೀಲಿ. 1791ರಲ್ಲಿ ಹೈಟಿಯ ಗುಲಾಮರು ದಂಗೆಯೆದ್ದ ಮೇಲೆ ಅಲ್ಲಿನ ಸಕ್ಕರೆ ಉದ್ಯಮ ಕುಸಿಯಿತು. 1795ರಲ್ಲಿ ಲೂಸಿಯಾನಾದಲ್ಲಿ ಸಕ್ಕರೆ ಹರಳುಗಟ್ಟಿಸುವ ಪ್ರಯತ್ನ ಲಾಭದಾಯಕವಾಯಿತು. ನದಿ ದಡದ ತೋಟಗಳು ಒಂದೊಂದಾಗಿ ಕಬ್ಬಿಗೆ ತಿರುಗಿದವು.

ಕಬ್ಬು ಕಡಿಯುವ ಕಾಲದಲ್ಲಿ ಗುಲಾಮರಿಗೆ ಹಗಲು ರಾತ್ರಿಯ ವ್ಯತ್ಯಾಸವಿರಲಿಲ್ಲ. ಹಿಮ ಬೀಳುವ ಮೊದಲೇ ಬೆಳೆ ಕಡಿಯಬೇಕು, ಕಡಿದ ಕಬ್ಬನ್ನು ಕೂಡಲೇ ಅರೆಯಬೇಕು. ಸಾಲಾಗಿ ಹೂಡಿದ ಕೊಪ್ಪರಿಗೆಗಳಲ್ಲಿ ರಸ ಕುದಿಯುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ಅದನ್ನು ಸೌಟಿನಿಂದ ಎತ್ತಿ ಹಾಕುವಾಗ ಮೈ ಸುಟ್ಟುಕೊಂಡವರು, ಗಾಣಕ್ಕೆ ಸಿಕ್ಕಿ ಕೈ ಕಳೆದುಕೊಂಡವರು ಹಲವರು. ಅಮೆರಿಕದ ಉಳಿದೆಡೆ ಗುಲಾಮರ ಸಂಖ್ಯೆ ಜನನದಿಂದ ಬೆಳೆಯುತ್ತಿದ್ದರೆ, ಲೂಸಿಯಾನಾದ ಕಬ್ಬಿನ ಸೀಮೆಯಲ್ಲಿ ಹುಟ್ಟಿಗಿಂತ ಸಾವೇ ಹೆಚ್ಚಾಗಿತ್ತು.

ಕೊರತೆ ತುಂಬಲು ಹೊಸಬರನ್ನು ಕೊಳ್ಳಬೇಕಾಯಿತು. 1808ರಲ್ಲಿ ಆಫ್ರಿಕದಿಂದ ಗುಲಾಮರನ್ನು ತರುವುದು ನಿಷೇಧವಾದ ಮೇಲೆ ದೇಶದೊಳಗಿನ ಮಾರಾಟ ಜೋರಾಯಿತು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಂದ ಗಂಡ, ಹೆಂಡತಿ, ಮಕ್ಕಳನ್ನು ಅಗಲಿಸಿ ದಕ್ಷಿಣಕ್ಕೆ ಸಾಗಿಸಲಾಯಿತು. ನ್ಯೂ ಆರ್ಲಿಯನ್ಸ್ ಇದರ ಅತಿ ದೊಡ್ಡ ಮಾರುಕಟ್ಟೆ. 1860ರ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು.

ಇಷ್ಟು ಜನರ ಪೈಕಿ ತಮ್ಮ ಕತೆಯನ್ನು ತಾವೇ ಬರೆದಿಟ್ಟವರು ಬೆರಳೆಣಿಕೆಯಷ್ಟು. ಅದಕ್ಕೆ ಕಾರಣ ಕಾನೂನು. ಗುಲಾಮರಿಗೆ ಓದು ಕಲಿಸುವುದು ಲೂಸಿಯಾನಾದಲ್ಲಿ 1830ರಿಂದ ಅಪರಾಧವಾಗಿತ್ತು. ಆದರೆ ಯಜಮಾನರು ಲೆಕ್ಕ ಬರೆಯುತ್ತಿದ್ದರು. ಜಮೀನ್ದಾರ ಸತ್ತರೆ ಆಸ್ತಿ ಹಂಚಲು ಪಟ್ಟಿ ತಯಾರಾಗುತ್ತಿತ್ತು. ಹೊಲ, ಹೇಸರಗತ್ತೆ, ಕೊಪ್ಪರಿಗೆಗಳ ಜೊತೆಗೇ ಮನುಷ್ಯರ ಹೆಸರು, ವಯಸ್ಸು, ಹುಟ್ಟಿದ ನಾಡು, ಕಸುಬು, ಕಾಯಿಲೆ, ಕೊನೆಗೆ ಬೆಲೆ.

ಇತಿಹಾಸಕಾರ್ತಿ ಗ್ವೆಂಡೊಲಿನ್ ಮಿಡ್ಲೊ ಹಾಲ್ ಇಂಥ ಪಟ್ಟಿಗಳನ್ನು ಹುಡುಕಿ ಓದಿದರು. ಫ್ರೆಂಚ್, ಸ್ಪ್ಯಾನಿಷ್ ಭಾಷೆಗಳ ಹಳೆಯ ಕಾಗದಗಳು ಲೂಸಿಯಾನಾದ ನ್ಯಾಯಾಲಯಗಳಲ್ಲಿ ಧೂಳು ಹಿಡಿದು ಬಿದ್ದಿದ್ದವು. ವರ್ಷಗಟ್ಟಲೆ ದುಡಿದು ಅವರು ಒಂದು ಲಕ್ಷಕ್ಕೂ ಹೆಚ್ಚು ಗುಲಾಮರ ವಿವರಗಳನ್ನು ಕಂಪ್ಯೂಟರಿಗೆ ಏರಿಸಿದರು. 2022ರಲ್ಲಿ ತೀರಿಕೊಂಡ ಹಾಲ್ ಅವರ ಹೆಸರನ್ನು ಹೊತ್ತ ಕಲ್ಲಿನ ಗೋಡೆಗಳು ವಿಟ್ನಿಯಲ್ಲಿವೆ. ಅವು 1,07,000 ಮಂದಿಯ ನೆನಪಿಗೆ ಮೀಸಲು. ಇದೇ ತೋಟದಲ್ಲಿ ದುಡಿದ 350ಕ್ಕೂ ಹೆಚ್ಚು ಜನರಿಗೆ ಬೇರೊಂದು ಗೋಡೆಯಿದೆ. ಇನ್ನೊಂದು ಅಂಗಳದಲ್ಲಿ ಅದೇ ಜಿಲ್ಲೆಯಲ್ಲಿ ಮೂರು ವರ್ಷ ತುಂಬುವ ಮೊದಲೇ ಸತ್ತ ಸುಮಾರು 2,200 ಗುಲಾಮ ಮಕ್ಕಳ ಹೆಸರುಗಳಿವೆ. ಅವು ಸಿಕ್ಕಿದ್ದು ಚರ್ಚಿನ ದಾಖಲೆಗಳಲ್ಲಿ.

ಮನುಷ್ಯರನ್ನು ಸರಕೆಂದು ನಮೂದಿಸಿದ ಕಾಗದವೇ ಅವರು ಬದುಕಿದ್ದರೆಂಬುದಕ್ಕೆ ಸಾಕ್ಷಿಯಾಗಿ ಉಳಿದಿದೆ. ಇದು ಇತಿಹಾಸಕಾರರಿಗಷ್ಟೇ ಸಂಬಂಧಿಸಿದ ಸಂಗತಿಯಲ್ಲ. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರನ್ನು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣದಿಂದ ಮಾತ್ರ ಗುರುತಿಸಲಾಗಿತ್ತು. ಬಹುಪಾಲು ಮಂದಿಗೆ ಅಲ್ಲಿ ಹೆಸರಿಲ್ಲ. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ, 1870ರ ಗಣತಿಯಲ್ಲಿ ಅವರ ಹೆಸರು, ಮನೆತನದ ಹೆಸರು ಮೊದಲ ಬಾರಿಗೆ ಬಂದವು. ಹಾಗಾಗಿ ತಮ್ಮ ಹಿರಿಯರನ್ನು ಹುಡುಕುವ ಕಪ್ಪು ಅಮೆರಿಕನ್ನರ ದಾರಿ ಬಹಳ ಸಲ 1870ರಲ್ಲೇ ನಿಂತುಬಿಡುತ್ತದೆ. ಅದರಾಚೆಗೆ ಮುತ್ತಜ್ಜಿಯ ಹೆಸರು ಬೇಕೆಂದರೆ, ಅವಳಿಗೆ ಕಟ್ಟಿದ ಬೆಲೆಯ ಪಕ್ಕದಲ್ಲೇ ಹುಡುಕಬೇಕು.