ಬೊಕ್ಕಸದ ಹಣ, ವೈದ್ಯರ ಆಯ್ಕೆ: ಇಂಗ್ಲೆಂಡಿನ ಆರೋಗ್ಯ ಸೇವೆಯ ಗಣಕೀಕರಣ, 1982–2013

ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಕಂಪ್ಯೂಟರಿಗೆ ಸುರಿದ ಹಣದ ಮಾತು ಬಂದಾಗಲೆಲ್ಲ ಚರ್ಚೆ 2002ರ ರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಕಾರ್ಯಕ್ರಮದಿಂದಲೇ ಶುರುವಾಗುತ್ತದೆ. ಆ ಕಾರ್ಯಕ್ರಮ ಏಕೆ ಕುಸಿಯಿತೆಂದು ತಿಳಿಯಲು ಇನ್ನೂ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕೆಂಬುದು ಈ ಲೇಖನದ ವಾದ.

1982ರಲ್ಲಿ ಬ್ರಿಟನ್ನಿನ ಕೈಗಾರಿಕಾ ಇಲಾಖೆ ‘ಮೈಕ್ರೋಸ್ ಫಾರ್ ಜಿಪೀಸ್’ ಎಂಬ ಸಣ್ಣ ಯೋಜನೆ ತಂದು, ಕುಟುಂಬ ವೈದ್ಯರು ಕೊಂಡ ಕಂಪ್ಯೂಟರಿನ ಅರ್ಧ ವೆಚ್ಚವನ್ನು ತಾನು ಭರಿಸಿತು. 1990ರ ಸುಮಾರಿಗೆ ವೆಚ್ಚದ ಒಂದು ಪಾಲನ್ನು ಮರುಪಾವತಿಸುವ ಪದ್ಧತಿ ನೆಲೆಗೊಂಡಿತು. ಉಳಿದದ್ದು ವೈದ್ಯರ ಜೇಬಿನಿಂದಲೇ ಹೋಗುತ್ತಿದ್ದುದರಿಂದ, ತಮ್ಮ ದಿನದ ಕೆಲಸಕ್ಕೆ, ಮುಖ್ಯವಾಗಿ ಮತ್ತೆ ಮತ್ತೆ ಬರೆಯಬೇಕಾದ ಔಷಧ ಚೀಟಿಗಳನ್ನು ಮುದ್ರಿಸಲು, ಒದಗುವ ತಂತ್ರಾಂಶವನ್ನೇ ಅವರು ಆರಿಸಿಕೊಂಡರು. ಆ ದಶಕ ಮುಗಿಯುವಷ್ಟರಲ್ಲಿ ಬಹುತೇಕ ಎಲ್ಲ ಕ್ಲಿನಿಕ್ಕುಗಳಿಗೂ ಕಂಪ್ಯೂಟರ್ ಬಂದಿತ್ತು.

ಆಸ್ಪತ್ರೆಗಳ ಕಥೆ ಬೇರೆ. ವೆಸೆಕ್ಸ್ ಪ್ರಾಂತ್ಯವಿಡೀ ಒಂದೇ ವ್ಯವಸ್ಥೆಯಡಿ ಬರಬೇಕೆಂಬ ಯೋಜನೆ 1990ರಲ್ಲಿ ನಿಂತುಹೋಯಿತು. ಕನಿಷ್ಠ 2 ಕೋಟಿ ಪೌಂಡ್ ವ್ಯರ್ಥವಾಯಿತು. 1998ರಲ್ಲಿ ಸರ್ಕಾರ ಆರೋಗ್ಯ ಸೇವೆಯ ಗಣಕೀಕರಣಕ್ಕೆಂದು ಏಳು ವರ್ಷಗಳಿಗೆ 100 ಕೋಟಿ ಪೌಂಡ್ ಘೋಷಿಸಿತು. ಆದರೆ ಹಣ ಸಾಮಾನ್ಯ ಅನುದಾನದೊಳಗೆ ಬೆರೆತು, ಅದರಲ್ಲಿ ಸಾಕಷ್ಟು ಭಾಗ ಸ್ಥಳೀಯವಾಗಿ ಬೇರೆ ತುರ್ತುಗಳಿಗೆ ಹೋಯಿತು. ಹಾಸಿಗೆಗೆ ಕಾಯುವ ರೋಗಿ ಎದುರಿಗಿರುವಾಗ ಆಡಳಿತಗಾರ ಸರ್ವರ್ ಕೊಳ್ಳದಿದ್ದರೆ ಅದನ್ನು ತಪ್ಪೆನ್ನಲು ನನಗೆ ಮನಸ್ಸಾಗದು. ಈ ಸೋರಿಕೆಯನ್ನು ಕಂಡೇ, ಸರ್ಕಾರದ ಕೋರಿಕೆಯಂತೆ ಆರೋಗ್ಯ ಸೇವೆಯ ವೆಚ್ಚವನ್ನು ಪರಿಶೀಲಿಸಿದ ಡೆರೆಕ್ ವಾನ್‌ಲೆಸ್ 2002ರ ಏಪ್ರಿಲ್ ವರದಿಯಲ್ಲಿ, ಮಾಹಿತಿ ತಂತ್ರಜ್ಞಾನದ ವೆಚ್ಚ ಇಮ್ಮಡಿಯಾಗಬೇಕು, ಆ ಹಣ ಬೇರೆಡೆ ಹರಿಯದಂತೆ ಮೀಸಲಿರಬೇಕು ಎಂದರು.

ಹಣವನ್ನು ಕಾಯಹೊರಟ ಕೇಂದ್ರ, ಹಣದೊಂದಿಗೆ ಆಯ್ಕೆಯನ್ನೂ ತನ್ನ ಕೈಗೆ ತೆಗೆದುಕೊಂಡಿತು. ಇಡೀ ಚರಿತ್ರೆಯ ತಿರುವು ಇಲ್ಲಿದೆ. 2002ರ ಅಕ್ಟೋಬರಿನಲ್ಲಿ ರಿಚರ್ಡ್ ಗ್ರೇಂಜರ್ ರಾಷ್ಟ್ರೀಯ ಕಾರ್ಯಕ್ರಮದ ಮುಖ್ಯಸ್ಥರಾದರು. 2003ರ ಡಿಸೆಂಬರಿನಿಂದ ಕೆಲವೇ ತಿಂಗಳಲ್ಲಿ ದೇಶವನ್ನು ಐದು ವಲಯಗಳಾಗಿ ಹಂಚಿ ಬಿಟಿ, ಆಕ್ಸೆಂಚರ್, ಸಿಎಸ್‌ಸಿ, ಫುಜಿತ್ಸು ಕಂಪನಿಗಳಿಗೆ ಗುತ್ತಿಗೆ ಕೊಡಲಾಯಿತು. ಕೆಲಸ ಮಾಡುವ ವ್ಯವಸ್ಥೆ ಕೈಸೇರಿದ ಮೇಲಷ್ಟೇ ಹಣ ಎಂಬ ಷರತ್ತು ಬೊಕ್ಕಸವನ್ನು ಕಾಪಾಡಿತು, ಗುತ್ತಿಗೆದಾರರನ್ನು ಓಡಿಸಿತು: 45 ಕೋಟಿ ಡಾಲರ್ ನಷ್ಟಕ್ಕೆಂದು ತೆಗೆದಿಟ್ಟ ಆಕ್ಸೆಂಚರ್ 2006ರಲ್ಲಿ ಹೊರನಡೆಯಿತು, 2008ರಲ್ಲಿ ಫುಜಿತ್ಸುವಿನ ಗುತ್ತಿಗೆ ಮುರಿಯಿತು. 2006ರಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಒಟ್ಟು ವೆಚ್ಚವನ್ನು 1,240 ಕೋಟಿ ಪೌಂಡ್ ಎಂದು ಅಂದಾಜಿಸಿತ್ತು. ರೋಗಿಗಳ ದಾಖಲೆ ವ್ಯವಸ್ಥೆಗೆ ಅಲ್ಲಿಯವರೆಗೆ ವ್ಯಯಿಸಿದ 270 ಕೋಟಿಗೆ ತಕ್ಕ ಫಲ ಸಿಕ್ಕಿಲ್ಲವೆಂದು 2011ರಲ್ಲಿ ಅದೇ ಕಚೇರಿ ಹೇಳಿತು. ಅದೇ ವರ್ಷ ಸರ್ಕಾರ ಕಾರ್ಯಕ್ರಮವನ್ನು ಕಳಚಿತು. ಸಂಸತ್ತಿನ ಲೆಕ್ಕಪತ್ರ ಸಮಿತಿಯ 2013ರ ವರದಿಯಲ್ಲಿ ಅಂದಾಜು ವೆಚ್ಚ 980 ಕೋಟಿ.

ಆಯ್ಕೆ ಕೇಂದ್ರದ ಕೈಗೆ ಹೋದದ್ದೇ ಕುಸಿತಕ್ಕೆ ಕಾರಣವೆಂಬ ಈ ವಾದಕ್ಕೆ ಎದುರು ನಿಲ್ಲುವ ಒಂದು ಸಾಕ್ಷ್ಯವಿದೆ. ಎಕ್ಸ್-ರೇ ಚಿತ್ರಗಳನ್ನು ಫಿಲ್ಮಿಲ್ಲದೆ ಪರದೆಯ ಮೇಲೆ ತೋರಿಸುವ ವ್ಯವಸ್ಥೆಯನ್ನೂ ಕೇಂದ್ರವೇ ಕೊಂಡಿತು. ಅದು 2007ರ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಆಸ್ಪತ್ರೆಗಳನ್ನೆಲ್ಲ ತಲುಪಿತು. ಆದರೆ ಅದು ಒಂದು ವಿಭಾಗದ ಸ್ಪಷ್ಟ ಕೆಲಸ. ಫಿಲ್ಮ್ ಕಳೆದುಹೋಗಿ ಪರದಾಡಿದ್ದ ವೈದ್ಯರು ಅದನ್ನು ತಾವೇ ಬಯಸಿದ್ದರು. ಕುಟುಂಬ ವೈದ್ಯರ ವಿಷಯದಲ್ಲಂತೂ 2004ರ ಹೊಸ ಒಪ್ಪಂದ ಪೂರ್ತಿ ವೆಚ್ಚವನ್ನು ಸರ್ಕಾರದ ಮೇಲೆ ಹೊರಿಸಿ, ತಂತ್ರಾಂಶ ಆರಿಸುವ ಹಕ್ಕನ್ನು ವೈದ್ಯರಲ್ಲೇ ಉಳಿಸಿತು. ಕೆಲವೇ ವರ್ಷಗಳಲ್ಲಿ ಕೇಂದ್ರವೇ ‘ಜಿಪಿ ಸಿಸ್ಟಮ್ಸ್ ಆಫ್ ಚಾಯ್ಸ್’ ಎಂಬ ಹೆಸರಿನಲ್ಲಿ ಆ ಆಯ್ಕೆಗೆ ಹಣ ಕೊಡತೊಡಗಿತು.