ಚಿನ್ನದ ಗಣಿಯಿಂದ ಕಂಪ್ಯೂಟರಿಗೆ

1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಬಂತು. ಚಿನ್ನ ಲಂಡನ್ನಿಗೆ ಹೋಯ್ತು. ನಮ್ಮ ಕೇರಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯೇ ಉಳೀತು. ಗಣಿಯ ಆಳಕ್ಕಿಳಿದವರಲ್ಲಿ ದಲಿತರೇ ಹೆಚ್ಚು. 2001ರಲ್ಲಿ ಗಣಿ ಮುಚ್ಚಿತು. ಅವರ ಮಕ್ಕಳು ಕೆಲಸ ಹುಡುಕಿ ಬೆಂಗಳೂರಿನ ರೈಲು ಹತ್ತಿದರು.

ಬೆಂಗಳೂರಿಗೆ 1985ರಲ್ಲೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತ್ತು. ಸಾಫ್ಟ್‌ವೇರೇ ಹೊಸ ಚಿನ್ನವಾಯ್ತು. ಮಾಲೂರಿನಿಂದ ವೈಟ್‌ಫೀಲ್ಡಿಗೆ ಅದೇ ರೈಲು. ಆದರೆ ಖಾಸಗಿ ಕಂಪನಿಗಳಲ್ಲಿ ಮೀಸಲಾತಿ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕನ್ನಡ ಶಾಲೆಗಳಲ್ಲಿ ಓದಿದ ನಮ್ಮನ್ನು ಇಂಟರ್‌ವ್ಯೂನಲ್ಲಿ ಮೊದಲು ಇಂಗ್ಲಿಷಿನಿಂದಲೇ ಅಳೀತಾರೆ.

ಗೆಳೆಯರೇ, ಪ್ರೋಗ್ರಾಮಿನ ಭಾಷೆ ಯಾರ ತಾಯ್ನುಡಿಯೂ ಅಲ್ಲ. ಎಲ್ಲರೂ ಕಲಿತೇ ಬರೀಬೇಕು. ಹಾಸ್ಟೆಲಿನ ಒಂದೇ ಕಂಪ್ಯೂಟರಿಗೆ ನಾಲ್ವರು ಸರದಿ ಕೂರೋಣ. ಸಣ್ಣದಾದರೂ ಸ್ವಂತ ಪ್ರೋಗ್ರಾಮು ಬರೆದು ಮುಂದಿಡೋಣ. ಒಳಗೆ ಹೋದವರು ಹಿಂದೆ ಬರುವವರಿಗೆ ಬಾಗಿಲು ತೆರೆದಿಡಲಿ. ಮೀಸಲಾತಿಯ ಕೂಗನ್ನಂತೂ ನಾವು ಬಿಡೋದಿಲ್ಲ.